ಹಿಂದಿನ ಸೀಟಿನ ಪ್ರಾಣಿಶಾಸ್ತ್ರ

ನನ್ನವರು ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ದಿನ ಅವರ ಸಹೋದ್ಯೋಗಿಗಳು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, "ಇನ್ನು ಆರಾಮವಾಗಿ ಮೊಮ್ಮಕ್ಕಳ ಜೊತೆ ಕಾಲ ಕಳೀರಿ ಸಾರ್" ಎಂದು ಹಾರೈಸಿ ಕಳಿಸಿದರು. ಮೊಮ್ಮಕ್ಕಳ ಮಾತು ಹಾಗಿರಲಿ, ಮಗನಿಗಿನ್ನೂ ಮದುವೆಯೇ ಆಗಿಲ್ಲ. ಹೀಗಾಗಿ ಇವರು ಮಾರನೆಯ ದಿನ ಬೆಳಗಾಗುತ್ತಲೇ ಹಳೆಯ ಲುಂಗಿ ಸುತ್ತಿಕೊಂಡು, ಹಿತ್ತಿಲಿನ ಶೆಡ್ಡಿನಲ್ಲಿ ಗೋಣಿತಾಟು ಹೊದ್ದು ಮಲಗಿದ್ದ ಯೆಜ್ಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟರು.

ಈ ಯೆಜ್ಡಿ ನನಗಿಂತ ಐದು ವರ್ಷ ಮೊದಲೇ ಈ ಮನೆಗೆ ಬಂದದ್ದು. 1989ರಲ್ಲಿ ಕೊಂಡದ್ದಂತೆ. ನಾನು ಬಂದದ್ದು 1994ರಲ್ಲಿ. ಹಿರಿಯಳಿಗೆ ಸಲ್ಲಬೇಕಾದ ಮರ್ಯಾದೆಯನ್ನು ನಾನು ಅದಕ್ಕೆ ಎಂದೂ ತಪ್ಪಿಸಿಲ್ಲ. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಗಾಡಿ ಅದು. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆ ಸುದ್ದಿ ಬಂದ ದಿನ ಇವರು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ನಮ್ಮ ಮಾವನವರು ತೀರಿಕೊಂಡಾಗಲೂ ಹೀಗೆ ಅನ್ನವನ್ನು ಕೆದಕುತ್ತ ಕೂತಿರಲಿಲ್ಲ ಎಂದು ಅತ್ತೆಯವರೇ ಹೇಳಿದ್ದರು. ಅದರ ಕಿಕ್ಕೂ ಗೇರೂ ಒಂದೇ ಸಲಾಕೆ, ಅದೂ ಎಡಗಡೆಗೆ. ಹಿಂದಕ್ಕೆ ತಿರುಗಿಸಿದರೆ ಕಿಕ್ಕು, ಮುಂದಕ್ಕೆ ತಂದರೆ ಗೇರು. ಗೊತ್ತಿಲ್ಲದವರು ಹತ್ತಿದರೆ ಗಾಡಿ ಶುರುವಾಗುವುದೂ ಇಲ್ಲ, ಮುಂದಕ್ಕೆ ಹೋಗುವುದೂ ಇಲ್ಲ. ಹದಿನೈದು ವರ್ಷದಿಂದ ಗೇರಿಲ್ಲದ ಸ್ಕೂಟಿಯಲ್ಲಿ ಶಾಲೆಗೆ ಹೋಗಿಬರುವ ನಾನು ಅದನ್ನು ಕಲಿಸಿಕೊಡಿ ಎಂದು ಎಂದೂ ಕೇಳಲಿಲ್ಲ. ಅವರೂ ಬಾ ಎನ್ನಲಿಲ್ಲ. ಈ ಒಂದು ವಿಷಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರು ತಿಂಗಳು ಬಿಡಿಭಾಗ ಹುಡುಕಿ, ಬಣ್ಣ ಹೊಡೆಸಿ, 2024ರ ಆಯುಧಪೂಜೆಗೆ ಚಕ್ರದಡಿ ನಿಂಬೆಹಣ್ಣಿಟ್ಟು ಸಿದ್ಧವಾದ ಮೇಲೆ, "ದಸರಾ ರಜೆ ಇದೆಯಲ್ಲ ಟೀಚರಮ್ಮ, ಮಲೆನಾಡು ಸುತ್ತಿ ಬರೋಣ" ಎಂದರು. ತಿಪಟೂರಿನಿಂದ ಹೊರಟು ಚಿಕ್ಕಮಗಳೂರು, ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ, ಸಾಗರ, ಶಿರಸಿ, ಆಮೇಲೆ ಬಯಲಿಗೆ ಇಳಿದು ರಾಣೆಬೆನ್ನೂರು, ಚಿತ್ರದುರ್ಗದ ಮೇಲೆ ವಾಪಸ್ಸು. ಆರೇಳುನೂರು ಕಿಲೋಮೀಟರು. ನಾನು ಒಪ್ಪಿದ್ದೇ ದೊಡ್ಡ ಸುದ್ದಿಯಾಯಿತು. ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರದು ಒಂದೊಂದು ಎಚ್ಚರಿಕೆ. ಆನೆ ಬರುತ್ತೆ, ಕಾಟಿ ಅಡ್ಡ ನಿಲ್ಲುತ್ತೆ, ಆಗುಂಬೆಯಲ್ಲಿ ಕಾಳಿಂಗ ಸರ್ಪ ಹೆಡೆಯೆತ್ತಿದರೆ ಬೈಕಿನ ಮೇಲೆ ಕೂತವರ ಎದೆಯೆತ್ತರ ಬರುತ್ತೆ ಎಂದೆಲ್ಲ. ತೊಂಬತ್ತು ದಾಟಿದ ನಮ್ಮತ್ತೆ ಮಾತ್ರ, "ಏನಾದ್ರೂ ಕಾಣಲಿ, ಕತ್ತಲಾದ ಮೇಲೆ ಅದರ ಹೆಸರು ಹೇಳಬೇಡ, ಹುಳ ಅನ್ನು ಸಾಕು" ಎಂದರು. ನಮ್ಮ ಕಡೆ ರಾತ್ರಿ ಹಾವನ್ನು ಹಾಗೆಯೇ ಕರೆಯುವುದು. ನಾನು ಹೂಂ ಎಂದು, ಬೈಕಿನ ಪಕ್ಕದ ಪೆಟ್ಟಿಗೆಗೆ ಕೋಡುಬಳೆ, ಚಟ್ನಿಪುಡಿ, ಉಪ್ಪಿನ ಪೊಟ್ಟಣ, ನೋವಿನ ಮುಲಾಮು ತುಂಬಿದೆ. ಬೇಕಾದ ಔಷಧಿ ಯಾವುದೆಂದು ಆಗ ನನಗೆ ತಿಳಿದಿರಲಿಲ್ಲ.

ಹಿಂದಿನ ಸೀಟಿನಲ್ಲಿ ಕೂತವಳಿಗೆ ಎದುರಿಗೆ ಕಾಣುವುದು ಗಂಡನ ಬೆನ್ನು ಮತ್ತು ಒಂದು ಹೆಲ್ಮೆಟ್ಟು, ಅಷ್ಟೆ. ಲೋಕವೆಲ್ಲ ಎಡಬಲಗಳಲ್ಲಿ ಹಾದುಹೋಗುತ್ತದೆ. ಮೊದಲ ಒಂದು ಗಂಟೆ ಬೇಸರವಾಯಿತು. ಕಡೂರು ದಾಟಿ ಚಿಕ್ಕಮಗಳೂರಿನ ಹಾದಿ ಹಿಡಿದ ಮೇಲೆ ನನ್ನ ಬಲಗಡೆಯಿಂದ ಒಂದು ಚಿಟ್ಟೆ ನಮ್ಮ ಜೊತೆಗೇ ಬರತೊಡಗಿತು. ಆಮೇಲೆ ಇನ್ನೊಂದು. ನೋಡುತ್ತಿದ್ದಂತೆ ಹತ್ತು, ಐವತ್ತು, ಲೆಕ್ಕ ತಪ್ಪಿತು. ಕಪ್ಪು ಮೈಮೇಲೆ ತಿಳಿನೀಲಿ ಚುಕ್ಕೆ ಗೆರೆಗಳು. ನಡುನಡುವೆ ಕಾಫಿಬೀಜದ ಬಣ್ಣದವು. ಹೊಲದ ಮೇಲಿಂದ ಬಂದು, ರಸ್ತೆ ದಾಟಿ, ಮತ್ತೆ ಹೊಲಕ್ಕಿಳಿದು, ಎಲ್ಲವೂ ಪಡುವಣಕ್ಕೆ. ನಾವೂ ಪಡುವಣಕ್ಕೆ.

"ನಿಲ್ಲಿಸ್ರೀ!" ಎಂದು ಬೆನ್ನಿಗೆ ಗುದ್ದಿದೆ. ಬೈಕು ನಿಂತಿತು. ಬೇಲಿಯಂಚಿನಲ್ಲಿ, ಕಾಯಿ ಒಣಗಿದರೆ ಗೆಜ್ಜೆಯಂತೆ ಗಿಲಿಗಿಲಿ ಎನ್ನುವ ಹಳದಿ ಹೂವಿನ ಗಿಡವಿದೆಯಲ್ಲ, ಅದರ ಮೇಲೆ ಎಲೆಯೇ ಕಾಣದಷ್ಟು ಕೂತಿದ್ದವು. ನಾನು ಕನ್ನಡ ಮತ್ತು ಸಮಾಜ ಪಾಠ ಮಾಡುವವಳು. ಚಿಟ್ಟೆಯೆಂದರೆ ನನಗೆ ಪದ್ಯದಲ್ಲಿ ಬರುವ ವಸ್ತು. ಮೊಬೈಲಿನಲ್ಲಿ ಫೋಟೋ ತೆಗೆದು ನಮ್ಮ ವಿಜ್ಞಾನದ ಮೇಡಂಗೆ ಕಳಿಸಿದೆ. ಅವರು ಉತ್ತರವನ್ನು ಪಾಠದ ಹಾಗೆಯೇ ಕೊಟ್ಟರು. ಇದರ ಹೆಸರು ಬ್ಲೂ ಟೈಗರ್, ಅಂದರೆ ನೀಲಿ ಹುಲಿ. ಕಂದು ಬಣ್ಣದ್ದು ಕಾಮನ್ ಕ್ರೋ, ಕಾಗೆ ಚಿಟ್ಟೆ. ಮುಂಗಾರಿಗೆ ಮುಂಚೆ ಪಶ್ಚಿಮ ಘಟ್ಟದಿಂದ ಇವು ಬಯಲುಸೀಮೆಗೆ ವಲಸೆ ಬರುತ್ತವೆ, ಮಳೆ ಮುಗಿಯುವ ಹೊತ್ತಿಗೆ ಅಕ್ಟೋಬರ್, ನವೆಂಬರಿನಲ್ಲಿ ತಿರುಗಿ ಘಟ್ಟಕ್ಕೆ. ಬರುವುದು ಒಂದು ತಲೆಮಾರು, ತಿರುಗಿ ಹೋಗುವುದು ಅವುಗಳ ಮಕ್ಕಳೋ ಮೊಮ್ಮಕ್ಕಳೋ. ಕಾಗೆ ಚಿಟ್ಟೆಯ ಮರಿಹುಳ ನಮ್ಮ ಕಾಂಪೌಂಡಿನ ಕಣಗಿಲೆಯನ್ನೂ ತಿನ್ನುತ್ತದೆ, ಆ ವಿಷ ಮೈಗೂಡುವುದರಿಂದ ಹಕ್ಕಿಗಳು ಇವನ್ನು ಮುಟ್ಟುವುದಿಲ್ಲ. ಇಷ್ಟು ಬರೆದು ಕೊನೆಗೆ, "ಕಾಡು ಸೇರುವ ಮೊದಲೇ ಹುಲಿ ಕಂಡಿರಿ, ಅದೃಷ್ಟವಂತರು" ಎಂದು ಸೇರಿಸಿದ್ದರು.

ಎಂದೂ ಕಾಣದ ಅಜ್ಜನ ಮನೆಗೆ ದಾರಿ ಕೇಳದೆ ಹೊರಟ ಮೊಮ್ಮಕ್ಕಳು! ನನಗೆ ಮೈ ಜುಮ್ಮೆಂದಿತು. ಆದರೆ ಮತ್ತೆ ಬೈಕು ಹತ್ತಿದ ಮೇಲೆ ಆ ಸಂತೋಷ ಉಳಿಯಲಿಲ್ಲ. ಕೂತಿದ್ದಾಗ ಕಾಣದ್ದು ಓಡುವಾಗ ಕಂಡಿತು. ಟಪ್ ಎಂದು ಹೆಡ್‌ಲೈಟಿಗೆ ಒಂದು, ಇವರ ಹೆಲ್ಮೆಟ್ಟಿಗೆ ಒಂದು, ನನ್ನ ಮೊಣಕಾಲಿಗೆ ಒಂದು. ಹಳದಿ ಅಂಟು, ಅದಕ್ಕೆ ಮೆತ್ತಿಕೊಂಡ ನೀಲಿ ರೆಕ್ಕೆಯ ಚೂರು. "ನಿಧಾನಕ್ಕೆ ಹೋಗ್ರೀ" ಎಂದೆ. ನಲವತ್ತಕ್ಕೆ ಇಳಿಸಿದರು. ಆಗಲೂ ಟಪ್. ಇಪ್ಪತ್ತೈದಕ್ಕೆ ಬಂದಾಗ ಅವು ಪಕ್ಕಕ್ಕೆ ಸರಿದುಕೊಳ್ಳತೊಡಗಿದವು. ಹಿಂದಿನ ಲಾರಿಯವನು ಕಿವಿ ಕಿತ್ತುಹೋಗುವಂತೆ ಹಾರನ್ ಹೊಡೆದು, ಏನೋ ಬೈದು ಮುಂದೆ ಹೋದ. ಅವನ ಗಾಜಿಗೆ ಎಷ್ಟು ಬಡಿದವೋ. ಚಿಕ್ಕಮಗಳೂರಿನ ಲಾಡ್ಜಿನಲ್ಲಿ ಇವರು ಒದ್ದೆ ಬಟ್ಟೆಯಿಂದ ಹೆಡ್‌ಲೈಟು ಒರೆಸಿದರು. ಆ ಬಟ್ಟೆಯನ್ನು ತೊಳೆಯಲು ನನ್ನ ಕೈಗೆ ಕೊಡಲಿಲ್ಲ.

ಶೃಂಗೇರಿಯ ದಾರಿಯಲ್ಲಿ ಕಾಫಿತೋಟದ ಪಕ್ಕ ಒಂದು ಭಾರಿ ಮರ. ಅದರ ಕೊಂಬೆಗಳಡಿಯಲ್ಲಿ ಹೆಜ್ಜೇನು ಕಟ್ಟಿತ್ತು. ಒಂದಲ್ಲ, ಹತ್ತು ಹನ್ನೆರಡು. ಒಗೆದು ಒಣಹಾಕಿದ ಕರಿಕಂಬಳಿಗಳ ಹಾಗೆ. ನೋಡೋಣವೆಂದು ನಾನೆಂದರೆ ಇವರು ತಲೆ ಎತ್ತಿ ಒಮ್ಮೆ ನೋಡಿ, "ಬೇಡ, ಬೇಗ ದಾಟಿಬಿಡೋಣ" ಎಂದು ವೇಗ ಹೆಚ್ಚಿಸಿದರು. ನನಗೆ ನಗು ಬಂತು. ಕಾರಣವಿತ್ತು. ಆ ವರ್ಷ ಮೇ ತಿಂಗಳಲ್ಲಿ ನಮ್ಮ ತೆಂಗಿನ ತೋಟದಲ್ಲಿ ಒಣಗರಿ ಎಳೆಯುವಾಗ ಎರಡು ತುಡುವೆಜೇನು ಕಚ್ಚಿ ಇವರ ಕೈ ಮೊಣಕೈವರೆಗೆ ಊದಿತ್ತು. ಮೈಮೇಲೆ ದದ್ದುಗಳೆದ್ದು ರಾತ್ರಿಯೆಲ್ಲ ತುರಿಸಿಕೊಂಡರು. ಡಾಕ್ಟರ ಹತ್ತಿರ ಹೋಗಲೇ ಎಂದು ಕೇಳಿದ್ದರು. ನಾನು ಸುಣ್ಣ ಅರಿಶಿನ ಹಚ್ಚಿ, "ಬೆರಳಿನಷ್ಟಿಲ್ಲದ ಹುಳಕ್ಕೆ ಗಂಡಸರು ಇಷ್ಟು ಒದ್ದಾಡ್ತಾರೇನ್ರೀ? ನಮ್ಮಪ್ಪ ಬರಿಗೈಲಿ ಜೇನು ಬಿಡಿಸ್ತಿದ್ರು" ಎಂದಿದ್ದೆ. ಮನೆಗೆ ಬಂದ ನೆಂಟರ ಮುಂದೆಯೂ ಆ ಕತೆಯನ್ನು ಅಭಿನಯಿಸಿ ತೋರಿಸಿ ನಗಿಸಿದ್ದೆ. ಪಾಠ ಮಾಡುವವರಿಗೆ ಅಭಿನಯ ತಾನಾಗಿ ಬರುತ್ತದೆ. ಇವರೂ ನಕ್ಕಿದ್ದರು. ಡಾಕ್ಟರ ಮಾತು ಅಲ್ಲಿಗೆ ಬಿದ್ದುಹೋಯಿತು.

ಆಗುಂಬೆಯಲ್ಲಿ ಮಳೆ ನಮಗಾಗಿ ಕಾದು ಕೂತಿತ್ತು. ಅಲ್ಲಿ ನಾನು ಉಂಬಳದ ಪರಿಚಯ ಮಾಡಿಕೊಂಡೆ. ಜಿಗಣೆಯೇ, ಆದರೆ ನೆಲದ ಮೇಲಿನದು. ಗುಂಡುಸೂಜಿಯಷ್ಟು ಸಣ್ಣದು ಎಲೆಯ ತುದಿಯಲ್ಲಿ ನಿಂತು, ಹಾಜರಿ ಕೂಗಿದಾಗ ಕೈ ಎತ್ತುವ ಒಂದನೇ ಕ್ಲಾಸಿನ ಮಗುವಿನಂತೆ ಮೈಯನ್ನೆತ್ತಿ ತೂಗುತ್ತಿರುತ್ತದೆ. ಯಾವಾಗ ಹತ್ತಿತೋ, ಹೇಗೆ ಸಾಕ್ಸಿನೊಳಗೆ ಹೊಕ್ಕಿತೋ ತಿಳಿಯುವುದಿಲ್ಲ. ಕಚ್ಚಿದ್ದೂ ತಿಳಿಯುವುದಿಲ್ಲ. ಕುಡಿದು ದ್ರಾಕ್ಷಿಯಂತಾಗಿ ತಾನೇ ಉದುರಿದ ಮೇಲೆ ರಕ್ತ ನಿಲ್ಲದೆ ಹರಿಯುವಾಗಲೇ ಗೊತ್ತು. ನಾವು ಉಳಿದುಕೊಂಡಿದ್ದ ಮನೆಯ ಅಜ್ಜಿ, "ಎಂಥ ಆಗೂದಿಲ್ಲ ಮಾರಾಯ್ರೆ, ಸ್ವಲ್ಪ ಉಪ್ಪು ಹಾಕಿ" ಎಂದು ನಕ್ಕರು. ನನ್ನ ಉಪ್ಪಿನ ಪೊಟ್ಟಣ ಅಲ್ಲಿ ಸಾರ್ಥಕವಾಯಿತು. ಕೋಡುಬಳೆ ಮಾತ್ರ ನಮಗೆ ದಕ್ಕಲಿಲ್ಲ. ಘಾಟಿಯ ತಿರುವಿನಲ್ಲಿ ಒಂದು ಮಂಗ ಪೆಟ್ಟಿಗೆಯ ಕೊಂಡಿಯನ್ನು ನನಗಿಂತ ಚೆನ್ನಾಗಿ ತೆಗೆದು ಪೊಟ್ಟಣ ಸಮೇತ ಒಯ್ದಿತು.

ಇನ್ನು ಕಾಳಿಂಗ. ಆಗುಂಬೆಗೆ ಹೋಗಿ ಅದರ ಮಾತೆತ್ತದಿರಲಾದೀತೆ? 2005ರಲ್ಲಿ ರಾಮುಲಸ್ ವಿಟೇಕರ್ ಅವರು ಅಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರವನ್ನು ಕಟ್ಟಿದ್ದೇ ಮುಖ್ಯವಾಗಿ ಅದರ ಅಧ್ಯಯನಕ್ಕೆಂದು. ಹಾವುಗಳಲ್ಲಿ ತರಗೆಲೆ ಒಟ್ಟುಮಾಡಿ ಮೊಟ್ಟೆಗೆ ಗೂಡು ಕಟ್ಟುವುದು ಇದೊಂದೇ ಎಂದು ಅಜ್ಜಿಯ ಮಗ ವಿವರಿಸಿದರು. ಮಾರನೆಯ ಬೆಳಿಗ್ಗೆ ತೀರ್ಥಹಳ್ಳಿಯತ್ತ ಹೊರಟಾಗ ರಸ್ತೆಯ ಮೇಲೆ ಉದ್ದಕ್ಕೆ, ಹೊಳೆಯುತ್ತ, ಹೋಗುತ್ತಿರುವುದನ್ನು ಮೊದಲು ಕಂಡವಳು ನಾನೇ. "ಕಾಳಿಂಗ! ಕಾಳಿಂಗ!" ಎಂದು ನಾನು ಕಿರುಚಿದ ಸದ್ದಿಗೆ ಇವರು ಬ್ರೇಕು ಹಾಕಿ, ನಾನು ಇವರ ಬೆನ್ನಿಗೆ ಅಪ್ಪಳಿಸಿ, ಎದುರಿನಿಂದ ಬರುತ್ತಿದ್ದ ಹಾಲಿನ ಕ್ಯಾನಿನ ಸೈಕಲ್ಲಿನವರು ಕಾಲೂರಿ ನಿಂತರು. ನೋಡಿದರು. "ಕೇರೆ ಹಾವು ಅಮ್ಮ" ಎಂದು ತಣ್ಣಗೆ ಹೇಳಿ ಸೈಕಲ್ ತುಳಿದುಕೊಂಡು ಹೋದರು. ಇವರ ಭುಜ ಎರಡು ಕಿಲೋಮೀಟರು ಅಲುಗುತ್ತಲೇ ಇತ್ತು. ಹಿಂದಿನ ಸೀಟಿನಿಂದ ಗಂಡನ ನಗು ಹೀಗೆಯೇ ಕಾಣುವುದು. ನಾವು ಊರಿಗೆ ಮರಳಿದ ಮೇಲೆ ಪತ್ರಿಕೆಯಲ್ಲಿ ಓದಿದೆ. ಅದೇ ಅಕ್ಟೋಬರಿನಲ್ಲಿ ವಿಜ್ಞಾನಿಗಳು ಕಾಳಿಂಗ ಸರ್ಪ ಒಂದೇ ಜಾತಿಯಲ್ಲ, ನಾಲ್ಕು ಎಂದು ವಿಂಗಡಿಸಿ, ನಮ್ಮ ಪಶ್ಚಿಮ ಘಟ್ಟದ್ದಕ್ಕೆ ಓಫಿಯೋಫೇಗಸ್ ಕಾಳಿಂಗ ಎಂದು ಹೆಸರಿಟ್ಟರಂತೆ. ನಮ್ಮ ಕನ್ನಡದ ಮಾತು ಲೋಕದ ಪುಸ್ತಕಕ್ಕೆ ಸೇರಿತು. ಕನ್ನಡ ಮೇಷ್ಟರಾದವರಿಗೆ ಇದಕ್ಕಿಂತ ಸಿಹಿ ಸುದ್ದಿ ಬೇಕೇ? ನಾನು ಕೇರೆಯನ್ನು ಹಾಗೆ ಕರೆದದ್ದನ್ನು ಮಾತ್ರ ತರಗತಿಯಲ್ಲಿ ಹೇಳಲಿಲ್ಲ.

ತೀರ್ಥಹಳ್ಳಿ ದಾಟಿ ಹೊಸನಗರದ ಕಡೆ ಹೋಗುತ್ತಿದ್ದೆವು. ಮಳೆ ಬಿಟ್ಟಿತ್ತು. ಬಿಸಿಲಿಗೆ ಇಡೀ ಕಾಡು ಹಬೆಯಾಡುತ್ತಿತ್ತು. ಸೆಕೆಯೆಂದು ಇವರು ಹೆಲ್ಮೆಟ್ಟಿನ ಗಾಜನ್ನು ಮೇಲಕ್ಕೆತ್ತಿದ್ದರು. ನಾನು ಪಕ್ಕದ ಗದ್ದೆಯಲ್ಲಿ ಬೆಳ್ಳಕ್ಕಿ ಎಣಿಸುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಇವರ ಬೆನ್ನು ಬಿಗಿಯಿತು. ತಲೆಯನ್ನು ಒಮ್ಮೆ ಪಕ್ಕಕ್ಕೆ ಒಗೆದರು. ಬೈಕು ಮಾತ್ರ ಅಳ್ಳಾಡಲಿಲ್ಲ. ವೇಗವನ್ನು ಇಳಿಸುತ್ತ, ಇಳಿಸುತ್ತ, ಒಂದು ಮಾವಿನಮರದ ಕೆಳಗೆ ತಂದು ನಿಲ್ಲಿಸಿ, "ಇಳಿ" ಎಂದರು. ಆಮೇಲೆಯೇ ಹೆಲ್ಮೆಟ್ ಕಿತ್ತು ನೆಲಕ್ಕೆ ಹಾಕಿದ್ದು. ಕಿವಿಯ ಕೆಳಗೆ ಮುಳ್ಳು ನಾಟಿತ್ತು. ಅದರ ಬುಡದ ಪುಟ್ಟ ಚೀಲ, ಹುಳ ಅಲ್ಲಿ ಇಲ್ಲದಿದ್ದರೂ, ಇನ್ನೂ ಮಿಡಿಯುತ್ತಿತ್ತು. ಉಗುರಿನಲ್ಲಿ ಕೆರೆದು ತೆಗೆದೆ.

"ಒಂದೇ ತಾನೆ, ಸುಣ್ಣ ಇದೆಯೇನೋ ನೋಡ್ತೀನಿ" ಎಂದು ನಾನು ಪೆಟ್ಟಿಗೆಯ ಕಡೆ ತಿರುಗಿದೆ. ಅಷ್ಟರಲ್ಲಿ ಇವರು, "ಅಂಗೈ ತುಂಬಾ ನವೆ ಕಣೇ" ಎಂದರು. ನೋಡಿದರೆ ಎರಡೂ ಅಂಗೈ ಕೆಂಪಗಾಗಿವೆ. ಮುಖವೂ ಕೆಂಪು. ಕುತ್ತಿಗೆಯ ಮೇಲೆ ರೊಟ್ಟಿಯಗಲದ ದದ್ದು ಏಳುತ್ತಿರುವುದು ಕಣ್ಣೆದುರಿಗೇ ಕಾಣುತ್ತಿತ್ತು. ತುಟಿ ದಪ್ಪಗಾಯಿತು. ಮಾತಾಡಿದರೆ ಧ್ವನಿ ಬೇರೆ ಯಾರದೋ, ಒಡೆದ ಕೊಳಲಿನಂತೆ. ಉಸಿರೆಳೆದಾಗ ಸೀಟಿ. ಮರಕ್ಕೊರಗಿ ಕೂತವರು, "ಕಣ್ಣು ಕತ್ತಲೆ ಬರ್ತಿದೆ" ಎಂದರು. ಕಚ್ಚಿ ಹತ್ತು ನಿಮಿಷವೂ ಆಗಿರಲಿಲ್ಲ.

ಮೊಬೈಲಿನಲ್ಲಿ ಒಂದು ಗೆರೆಯೂ ಇಲ್ಲ. ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಎದುರಿಗೆ ಯೆಜ್ಡಿ ನಿಂತಿದೆ. ಬೀಗದ ಕೈ ಅದರಲ್ಲಿಯೇ ಇದೆ, ಟ್ಯಾಂಕಿನ ತುಂಬ ಪೆಟ್ರೋಲ್ ಇದೆ. ಮೂವತ್ತು ವರ್ಷ ಅದರ ಮೇಲೆ ಕೂತು ಮದುವೆ ಮುಂಜಿ ಸಂತೆಗಳಿಗೆಲ್ಲ ಹೋದವಳು ನಾನು. ಆ ಸಲಾಕೆಯನ್ನು ಯಾವ ಕಡೆಗೆ ತಿರುಗಿಸಬೇಕೆಂದು ನನಗೆ ಗೊತ್ತಿಲ್ಲ. ಆದರೂ ಹೋಗಿ ತುಳಿದೆ. ತಪ್ಪು ಕಡೆಗೆ ತುಳಿದೆನೋ ಏನೋ, ಅದು ನನ್ನ ಮೊಣಗಂಟಿಗೆ ಒಂದು ಬಾರಿಸಿತು. ಮತ್ತೆ ತುಳಿದೆ. ಮರದ ಕೆಳಗಿನಿಂದ ಇವರು ಕೈ ಎತ್ತಿ ಬೇಡ ಬೇಡ ಎನ್ನುತ್ತಿದ್ದರು. ಆಡಿಸಿಕೊಂಡು ನಕ್ಕ ಆ ಮೇ ತಿಂಗಳ ಮಾತುಗಳು ಆಗ ನನ್ನ ನೆನಪಿಗೆ ಬಂದವೆಂದು ಬರೆದರೆ ಸುಳ್ಳಾದೀತು. ಆಗ ಏನೂ ನೆನಪಿಗೆ ಬರಲಿಲ್ಲ. ರಸ್ತೆಯ ಮಧ್ಯೆ ಹೋಗಿ ಸೆರಗು ಬೀಸುತ್ತ ನಿಂತೆ.

ಬಂದದ್ದು ಅಡಿಕೆ ಕೊನೆಕೊಯ್ಲಿಗೆ ಆಳುಗಳನ್ನು ಕರೆದೊಯ್ಯುತ್ತಿದ್ದ ಒಂದು ಪಿಕಪ್ ಗಾಡಿ. ನಾನು ಏನು ಹೇಳಿದೆನೋ ತಿಳಿಯದು. ನಾಲ್ಕು ಜನ ಹಾರಿ ಇಳಿದು ಇವರನ್ನೆತ್ತಿ ಹಿಂದೆ ಗೋಣಿಚೀಲಗಳ ಮೇಲೆ ಮಲಗಿಸಿದರು. ನನ್ನ ವಯಸ್ಸಿನವರೇ ಒಬ್ಬರು ಹೆಣ್ಣಾಳು ಇವರ ಕಾಲುಗಳನ್ನೆತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. "ಮಾತಾಡಿಸ್ತಾ ಇರಿ ಅಮ್ಮ, ನಿದ್ದೆ ಮಾಡಲಿಕ್ಕೆ ಬಿಡಬೇಡಿ" ಎಂದರು. ಏನು ಮಾತಾಡಿಸಲಿ? "ಬೈಕು ಅಲ್ಲೇ ಬಿಟ್ಟು ಬಂದ್ವಿ ರೀ" ಎಂದೆ. ಇವರು ಕಣ್ಣು ತೆರೆದರು! ಒಬ್ಬ ಹುಡುಗ, "ನಾನು ತರ್ತೇನೆ ಸಾರ್" ಎಂದು ಗಾಡಿಯಿಂದ ಹಾರಿಕೊಂಡ.

ಆರು ಕಿಲೋಮೀಟರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಚಿಕ್ಕ ವಯಸ್ಸಿನ ಡಾಕ್ಟರಮ್ಮ, ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಹಾಗಿದ್ದರು. ಬಾಗಿಲಲ್ಲೇ ಕೇಳಿದ್ದು ಎರಡೇ ಪ್ರಶ್ನೆ: ಏನು ಕಚ್ಚಿತು, ಎಷ್ಟು ಹೊತ್ತಾಯಿತು. ಪ್ಯಾಂಟಿನ ಮೇಲಿನಿಂದಲೇ ತೊಡೆಯ ಹೊರಭಾಗಕ್ಕೆ ಒಂದು ಇಂಜೆಕ್ಷನ್ ಕೊಟ್ಟರು. ಅಡ್ರಿನಲಿನ್. ಆಮ್ಲಜನಕ ಹಾಕಿದರು, ಡ್ರಿಪ್ ಏರಿಸಿದರು. ಕೆಲವು ನಿಮಿಷ ಕಳೆದು ಮತ್ತೊಂದು ಇಂಜೆಕ್ಷನ್. ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು.

ಎದುರಿನ ಗೋಡೆಯ ಮೇಲೆ ಮಂಗನ ಕಾಯಿಲೆಯ ಭಿತ್ತಿಪತ್ರವಿತ್ತು. ಟೀಚರುಗಳ ಚಾಳಿ, ಗೋಡೆಯ ಮೇಲೆ ಅಕ್ಷರ ಕಂಡರೆ ಓದಲೇಬೇಕು. ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ. ಕಾಡಿನಲ್ಲಿ ಮಂಗ ಸತ್ತುಬಿದ್ದರೆ ಹತ್ತಿರ ಹೋಗದೆ ತಿಳಿಸಿ. ಕಾಡಿನಿಂದ ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ. ಸಾಸಿವೆ ಕಾಳಿನಷ್ಟು ಉಣುಗಿನ ಚಿತ್ರವನ್ನು ಆಮೆಯಷ್ಟು ದೊಡ್ಡದಾಗಿ ಬರೆದಿದ್ದರು. ಹನ್ನೆರಡು ಸಲವಾದರೂ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಒಂದು ಕಾಗುಣಿತದ ತಪ್ಪಿತ್ತು. ಅದನ್ನು ಮನಸ್ಸಿನಲ್ಲೇ ತಿದ್ದಿದೆ. ಹದಿಮೂರನೆಯ ಸಲ ಓದುವಾಗ ಒಳಗಿನಿಂದ ಇವರ ಕೆಮ್ಮು ಕೇಳಿಸಿತು. ಅದು ಇವರದೇ ಧ್ವನಿಯ ಕೆಮ್ಮು. ಆಗ ಅಳು ಬಂತು. ಅಳುತ್ತಿರುವಾಗಲೇ ಮೇ ತಿಂಗಳು ನೆನಪಾದದ್ದು.

ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ತುರಿಕೆ, ದದ್ದು, ಸುಣ್ಣ, ನೆಂಟರ ಮುಂದಿನ ನಾಟಕ. ಅವರು ಬೈಯಲಿಲ್ಲ. "ಮೊದಲ ಸಲ ಮೈಯೆಲ್ಲ ದದ್ದು ಬಂದಾಗ ತೋರಿಸಬೇಕಿತ್ತು ಮೇಡಂ. ಕೆಲವರ ಮೈಗೆ ಆ ವಿಷ ಒಗ್ಗುವುದಿಲ್ಲ, ಒಂದು ಜೇನು ಸಾಕು" ಎಂದರಷ್ಟೆ. ಸುಧಾರಿಸಿದಂತೆ ಕಂಡರೂ ಕೆಲವು ಗಂಟೆ ಬಿಟ್ಟು ಮತ್ತೆ ಮರುಕಳಿಸುವುದುಂಟು ಎಂದು 108ರಲ್ಲಿ ತಾಲ್ಲೂಕು ಆಸ್ಪತ್ರೆಗೆ ಕಳಿಸಿ ರಾತ್ರಿಯೆಲ್ಲ ನಿಗಾದಲ್ಲಿ ಇಡಿಸಿದರು. ಹೊರಡುವಾಗ ಗೇಟಿನಲ್ಲಿ ಆ ಹುಡುಗ ಬೆವರು ಸುರಿಸುತ್ತ ಯೆಜ್ಡಿಯನ್ನು ತಳ್ಳಿಕೊಂಡು ಬರುತ್ತಿದ್ದ. ಆರು ಕಿಲೋಮೀಟರೂ ತಳ್ಳಿಕೊಂಡೇ ಬಂದಿದ್ದ. "ಕಿಕ್ಕರ್ ಎಲ್ಲಿದೆ ಅಂತ್ಲೇ ಸಿಗಲಿಲ್ಲ ಅಮ್ಮ" ಎಂದ. ದುಡ್ಡು ಕೊಡಹೋದರೆ ಬೈಕಿನ ಜೊತೆ ಒಂದು ಫೋಟೋ ಸಾಕೆಂದ.

ಆಸ್ಪತ್ರೆಯ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ರಾತ್ರಿ ಹೆಲ್ಮೆಟ್ಟನ್ನು ತಿರುಗಿಸಿ ನೋಡಿದೆ. ಒಳಗಿನ ಸ್ಪಂಜಿನ ಮಡಿಕೆಯಲ್ಲಿ ಅದು ಇತ್ತು. ತುಡುವೆಯೇ. ಕಂದು ಪಟ್ಟೆ, ಕಾಲಿಗೆ ಎರಡು ಪುಟ್ಟ ಹಳದಿ ಉಂಡೆ, ಪರಾಗದ್ದು. ಮನೆಗೆ ಹೋಗುತ್ತಿತ್ತು ಪಾಪ, ಅದಕ್ಕೆ ನಾವು ಅಡ್ಡ ಬಂದೆವು. ಹೊಟ್ಟೆಯ ತುದಿ ಹರಿದುಹೋಗಿತ್ತು. ಜೇನಿನ ಮುಳ್ಳಿಗೆ ಹಿಂದುಮುಖವಾದ ಗರಗಸದ ಹಲ್ಲುಗಳಿವೆ, ಚುಚ್ಚಿದರೆ ಎಳೆದುಕೊಳ್ಳಲಾರದೆ ಕರುಳು ಸಮೇತ ಬಿಟ್ಟುಹೋಗಿ ತಾನು ಸಾಯುತ್ತದೆ ಎಂದು ಮೇಡಂ ಫೋನಿನಲ್ಲಿ ಹೇಳಿದರು. ಕಡಜಕ್ಕೆ ಹಾಗಿಲ್ಲ, ಎಷ್ಟು ಸಲ ಬೇಕಾದರೂ ಚುಚ್ಚೀತು. ಚುಚ್ಚಿದ ಜಾಗದಿಂದ ಬಾಳೆಹಣ್ಣಿನಂಥ ವಾಸನೆ ಹೊರಟು ಉಳಿದ ಜೇನುಗಳನ್ನು ಕರೆಯುತ್ತದೆಂಬುದನ್ನೂ ಅವರೇ ಹೇಳಿದ್ದು. ನನ್ನ ಕೈಚೀಲದಲ್ಲಿ ಶೃಂಗೇರಿಯ ಒಂದು ಚಿಪ್ಪು ಬಾಳೆಹಣ್ಣಿತ್ತು! ಆ ರಾತ್ರಿಯೇ ವಾರ್ಡಿನವರಿಗೆಲ್ಲ ಹಂಚಿಬಿಟ್ಟೆ. ಸತ್ತ ತುಡುವೆಯನ್ನು ಎಸೆಯಲು ಮನಸ್ಸಾಗಲಿಲ್ಲ, ಬೆಂಕಿಪೊಟ್ಟಣದಲ್ಲಿ ಹಾಕಿಟ್ಟುಕೊಂಡೆ.

ಬೆಳಿಗ್ಗೆ ಇವರು ಕಾಫಿ ಕುಡಿಯುತ್ತ, "ಬೈಕನ್ನ ಲಾರಿಗೆ ಹಾಕಿಬಿಡೋಣ. ಬಸ್ಸಲ್ಲಿ ಊರಿಗೆ ಹೋಗೋಣ ಕಣೇ. ಸಾಕು" ಎಂದರು. ನಾನು ಇದನ್ನೇ ಹೇಳಬೇಕೆಂದು ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದೆ, ಜಗಳಕ್ಕೂ ತಯಾರಾಗಿದ್ದೆ. ಆದರೆ ಅವರಾಗಿಯೇ, ಅಷ್ಟು ಸುಲಭವಾಗಿ, ಯೆಜ್ಡಿಯ ಕಡೆ ನೋಡದೆ ಹೇಳಿದ್ದು ಕೇಳಿ ನನಗೆ ಹಿಂದಿನ ದಿನಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಅರವತ್ತಕ್ಕೆ ಮನುಷ್ಯ ಹೀಗೆ ಒಮ್ಮೆ ಸಾಕು ಎಂದರೆ ಆಮೇಲೆ ಎಲ್ಲದಕ್ಕೂ ಸಾಕು ಎನ್ನುತ್ತಾನೆ. ನಮ್ಮ ಮಾವನವರನ್ನು ನೋಡಿದ್ದೇನೆ. "ಡಾಕ್ಟರು ಏನು ಹೇಳ್ತಾರೋ ಹಾಗೆ ಮಾಡೋಣ" ಎಂದೆ. ಎರಡು ದಿನ ವಿಶ್ರಾಂತಿ, ಗಾಜು ಮುಚ್ಚಿದ ಹೆಲ್ಮೆಟ್, ಮದ್ದು ಜೊತೆಗಿರಲಿ ಎಂದರು ಆಸ್ಪತ್ರೆಯವರು. ಸಾಗರದಲ್ಲಿ ನನ್ನ ಚಿಕ್ಕಮ್ಮನ ಮಗಳ ಮನೆಯಲ್ಲಿ ಎರಡು ದಿನ ಮಲಗಿಸಿದೆ. ನನ್ನ ಹತ್ತಿಯ ಸೀರೆಯೊಂದನ್ನು ಹರಿದು, ಮಡಚಿ, ಹೆಲ್ಮೆಟ್ಟಿಗೂ ಕಾಲರಿಗೂ ನಡುವೆ ಸಂದು ಉಳಿಯದಂತೆ ಇವರ ಕುತ್ತಿಗೆಗೆ ಕಟ್ಟಿ ನೋಡಿದೆ. ಕನ್ನಡಿಯಲ್ಲಿ ನೋಡಿಕೊಂಡು, "ಮಂಗಳಾರತಿಗೆ ಸಿದ್ಧವಾದ ಬಸವನ ಹಾಗಿದ್ದೀನಿ" ಎಂದರು. ಮೂರನೆಯ ದಿನ ಬೆಳಿಗ್ಗೆ ಅವರೇ ಹೋಗಿ ಬೈಕಿಗೆ ಕಿಕ್ ಹೊಡೆದರು.

ಶಿರಸಿ ಸೇರುವ ಹೊತ್ತಿಗೆ ತಡವಾಗಿ ಕತ್ತಲಾಯಿತು, ಮಳೆಯೂ ಹಿಡಿಯಿತು. ಹೆಡ್‌ಲೈಟಿನ ಬೆಳಕಿನಲ್ಲಿ ರಸ್ತೆಯೇ ಕುಪ್ಪಳಿಸುತ್ತಿರುವಂತೆ ಕಂಡಿತು. ಕಪ್ಪೆಗಳು. ಹೆಬ್ಬೆರಳಿನಷ್ಟು ಸಣ್ಣವು, ನೂರಾರು, ಆ ಕಡೆಯ ಗದ್ದೆಯಿಂದ ಈ ಕಡೆಯ ಹಳ್ಳಕ್ಕೆ. ಮುಂದೆ ಹೋದ ಕಾರಿನ ಚಕ್ರದ ಎರಡು ಗೆರೆಯಲ್ಲಿ ಬಿದ್ದಿದ್ದವನ್ನು ನೋಡಲಾಗುತ್ತಿರಲಿಲ್ಲ. ಇವರು ಬೈಕು ನಿಲ್ಲಿಸಿ ಸುಮ್ಮನೆ ಕೂತರು. ನಾನು ಬೇಗ ಹೋಗೋಣ ಎನ್ನಲಿಲ್ಲ. ಇಳಿದು, ಮೊಬೈಲಿನ ಟಾರ್ಚು ಹಿಡಿದು, ಕಾಲಿನಿಂದ ನೀರು ಚಿಮ್ಮುತ್ತ, ಹುಶ್ ಹುಶ್ ಎನ್ನುತ್ತ ಮುಂದೆ ನಡೆದೆ. ಇವರು ಒಂದನೇ ಗೇರಿನಲ್ಲಿ ನನ್ನ ಹಿಂದೆ. ಹೀಗೆ ಅರ್ಧ ಕಿಲೋಮೀಟರು. ದಿಬ್ಬಣದ ಮುಂದೆ ದೀಪ ಹಿಡಿದುಕೊಂಡು ಹೋದ ಹಾಗಿತ್ತು. ಎದುರಿಗೆ ಬಂದ ಬಸ್ಸಿನ ಡ್ರೈವರು ತಲೆ ಹೊರಗೆ ಹಾಕಿ, "ಏನು ಕಳ್ಕೊಂಡ್ರಿ ಅಮ್ಮ?" ಎಂದು ಕೇಳಿದರು.

ರಾಣೆಬೆನ್ನೂರಿನ ಕೃಷ್ಣಮೃಗಗಳ ಬಗ್ಗೆ ಹೆಚ್ಚು ಬರೆಯಲಾರೆ. ಕಂಡಿದ್ದು ಎರಡೇ ನಿಮಿಷ. ಬೆಳಗಿನ ಬಿಸಿಲಿನಲ್ಲಿ ಹೊಲದಂಚಿಗೆ ಒಂದು ಹಿಂಡು, ಮುಂದೆ ತಿರುಚಿದ ಕೊಂಬಿನ ಕರಿಯ ಗಂಡು. ಯೆಜ್ಡಿಯ ಸದ್ದಿಗೆ ಒಮ್ಮೆ ನಿಂತು ನೋಡಿ, ನೆಲಕ್ಕೆ ಕಾಲು ತಾಗಿಸದವುಗಳ ಹಾಗೆ ನೆಗೆದು ನೀಲಗಿರಿ ತೋಪಿನೊಳಗೆ ಹೋದವು. ದೊಡ್ಡ ಪ್ರಾಣಿಯೆಂದು ಈ ಪ್ರಯಾಣದಲ್ಲಿ ನಾವು ಕಂಡದ್ದು ಅದೊಂದೇ. ಆನೆ, ಕಾಟಿ, ಯಾವುದೂ ನಮ್ಮ ಕಡೆ ತಲೆ ಹಾಕಲಿಲ್ಲ.

ಊರಿಗೆ ಬಂದ ಮೇಲೆ ತುಮಕೂರಿನ ಡಾಕ್ಟರೊಬ್ಬರು ಪರೀಕ್ಷೆ ಮಾಡಿ, ಆ ಇಂಜೆಕ್ಷನ್ನಿನ ಮದ್ದು ಮತ್ತು ಸಿರಿಂಜು ಸದಾ ಹತ್ತಿರವಿರಲಿ, ಮನೆಯವರು ಕೊಡುವುದನ್ನು ಕಲಿತಿರಲಿ ಎಂದು ಬರೆದುಕೊಟ್ಟರು. ನರ್ಸಮ್ಮ ನನಗೆ ಮೂಸಂಬಿ ಹಣ್ಣಿನ ಮೇಲೆ ಅಭ್ಯಾಸ ಮಾಡಿಸಿದರು. ಎಂಟು ಹಣ್ಣಿಗೆ ಚುಚ್ಚಿದ ಮೇಲೆ ಕೈ ನಡುಗುವುದು ನಿಂತಿತು. ಆ ಹಣ್ಣಿನ ಪಾನಕ ಕುಡಿಯಲು ಮಾತ್ರ ಇವರು ಒಪ್ಪಲಿಲ್ಲ. ಮೇ ತಿಂಗಳ ವಿಷಯಕ್ಕೆ ನಾನು ತಪ್ಪಾಯಿತು ಎಂದದ್ದು ಆ ದಿನವೇ, ಮೂಸಂಬಿ ಸಿಪ್ಪೆ ಬಳಿಯುತ್ತ. "ಹೋಗ್ಲಿ ಬಿಡೆ, ನೀನು ಅಭಿನಯ ಮಾಡಿದ್ದು ಚೆನ್ನಾಗೇ ಇತ್ತು" ಎಂದರು.

ಬೆಂಕಿಪೊಟ್ಟಣದ ತುಡುವೆಯನ್ನು ವಿಜ್ಞಾನದ ಮೇಡಂ ಗಾಜಿನ ಸ್ಲೈಡಿನ ಮೇಲಿಟ್ಟು ಮಕ್ಕಳಿಗೆ ತೋರಿ

ಸಿದರು. ಅದರ ಕಾಲಿನ ಪರಾಗದ ಉಂಡೆ ಇನ್ನೂ ಹಳದಿಯಾಗಿಯೇ ಇದೆ.

ಈಗ ಭಾನುವಾರ ಬೆಳಿಗ್ಗೆ ಆರು ಗಂಟೆಗೆ, ಮಕ್ಕಳು ಯಾರೂ ಇರದ ಹೊತ್ತು ನೋಡಿ, ನಾವು ಶಾಲೆಯ ಮೈದಾನಕ್ಕೆ ಹೋಗುತ್ತೇವೆ. ಹೋಗುವಾಗ ನಾನು ಹಿಂದೆ, ಅಲ್ಲಿಗೆ ಹೋದ ಮೇಲೆ ಮುಂದೆ. ಸಲಾಕೆಯನ್ನು ಹಿಂದಕ್ಕೆ ತಿರುಗಿಸಿ, ಒಮ್ಮೆ ಮೆಲ್ಲಗೆ ಒತ್ತಿ, ಆಮೇಲೆ ಪೂರ್ತಿ ತುಳಿಯಬೇಕು. ಮೊಣಗಂಟಿನ ಕಪ್ಪು ಕಲೆ ಪೂರ್ತಿ ಹೋಗಿಲ್ಲ. ಕ್ಲಚ್ಚು ಬಿಡುವಾಗ ಗಾಡಿ ಜಿಗಿದು, ಹಿಂದೆ ಕೂತ ಇವರು "ಅಮ್ಮಾ" ಎನ್ನುವುದೂ ನಿಂತಿಲ್ಲ. ಮೊನ್ನೆ ಎರಡನೇ ಗೇರಿನಲ್ಲಿ ಧ್ವಜಸ್ತಂಭವನ್ನು ಸುತ್ತಿ ಬಂದೆ.